ಮೂರು ಕಾಸಿನ ಕುದುರೆ, ಆರು ಕಾಸಿನ ಹುಲ್ಲು

ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಹುಟ್ಟಿದಾಗ ಮೋಟಾರು ಕಾರು ಇನ್ನೂ ಹುಟ್ಟಿರಲಿಲ್ಲ. ಆದರೂ ಜರ್ಮನಿಯ ಹಳೆಯ ಕಾರುಗಳ ಪೇಟೆಗೆ ಇಷ್ಟು ಚೆನ್ನಾಗಿ ಹೊಂದುವ ಮಾತು ಇನ್ನೊಂದಿಲ್ಲ. ಒಂದು ಕಾಲಕ್ಕೆ ಡಾಕ್ಟರು, ವಕೀಲರು, ಕಾರ್ಖಾನೆಯ ಮ್ಯಾನೇಜರುಗಳು ಹೆಮ್ಮೆಯಿಂದ ಕೊಳ್ಳುತ್ತಿದ್ದ ಮರ್ಸಿಡಿಸ್-ಬೆಂಜ್, ಮೂವತ್ತೈದು ವರ್ಷ ಕಳೆದ ಮೇಲೆ ಹೊಸ ಸಣ್ಣ ಕಾರೊಂದರ ಅರ್ಧ ಬೆಲೆಗೆ ಅಲ್ಲಿ ಸಿಗುತ್ತದೆ. ಕೆಟ್ಟು ನಿಂತದ್ದಾದರೆ ಒಳ್ಳೆಯ ವಿದ್ಯುತ್ ಬೈಸಿಕಲ್ಲಿನ ಬೆಲೆಗೂ ಸಿಕ್ಕೀತು. ಕಾರಿನ ಹುಚ್ಚಿರುವ ಇಪ್ಪತ್ತರ ಹರೆಯದವರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಈ ಆಮಿಷ ಈಗ ಕರ್ನಾಟಕದ ಮನೆಗಳಿಗೂ ದೂರದ ವಿಷಯವಲ್ಲ. ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರ ಸಂಖ್ಯೆಯೇ ಅತಿ ಹೆಚ್ಚು. ಅವರಲ್ಲಿ ಎಂಜಿನಿಯರಿಂಗ್ ಓದಲು ಹೋದ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಸ್ಟುಟ್‌ಗಾರ್ಟ್‌ನ ಬೀದಿಯಲ್ಲಿ ಹಳೆಯ ಬೆಂಜ್ ಒಂದನ್ನು ಕಂಡು, ಮಾರಾಟದ ಬೆಲೆ ಕೇಳಿ, 'ಇಷ್ಟೇನಾ?' ಎಂದು ಬೆರಗಾಗಿ ಮನೆಗೆ ಫೋಟೊ ಕಳಿಸುವುದು ಸಹಜ. ಆ 'ಇಷ್ಟೇನಾ' ಎಂಬ ಒಂದು ಪದದ ಹಿಂದೆ ಎಷ್ಟು ಲೆಕ್ಕ ಅಡಗಿದೆ ಎಂಬುದನ್ನು ತಿಳಿಯಲು ಒಂದೇ ಒಂದು ಕಾರನ್ನು ಉದಾಹರಣೆಗೆ ತೆಗೆದುಕೊಂಡರೆ ಸಾಕು.

ಇಂಗ್ಲಿಷಿನವರು 'ಸಲೂನ್' ಎಂದು ಕರೆಯುವ ಬಗೆಯ ಕಾರು ಅದು. ಕ್ಷೌರದಂಗಡಿಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕು ಬಾಗಿಲು, ಐದು ಜನಕ್ಕೆ ಜಾಗ, ಹಿಂದೆ ಬೇರೆಯಾಗಿಯೇ ಇರುವ ಡಿಕ್ಕಿ - ಇಷ್ಟಿದ್ದರೆ ಸಲೂನ್. ಭಾರತದಲ್ಲಿ ಸೆಡಾನ್ ಎಂದರೆ ಬೇಗ ಅರ್ಥವಾಗುತ್ತದೆ. ಸಂಸಾರಸ್ಥನ ಈ ಕಾರಿಗೆ ಪಂದ್ಯದ ಕಾರಿನ ಎದೆಗಾರಿಕೆ ತುಂಬುವುದರಲ್ಲಿ ಜರ್ಮನರದು ಎತ್ತಿದ ಕೈ. ಬಿ.ಎಂ.ಡಬ್ಲ್ಯು. ಕಂಪನಿ ಈ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿತ್ತು. ಗಾಂಭೀರ್ಯಕ್ಕೆ ಹೆಸರಾದ ಮರ್ಸಿಡಿಸ್-ಬೆಂಜ್ ಕೂಡ ಅದೇ ದಾರಿ ಹಿಡಿದದ್ದು '190' ಎಂಬ ಕಾರಿನಿಂದ.

1982ರ ಡಿಸೆಂಬರಿನಲ್ಲಿ ಬಂದ 190, ಮರ್ಸಿಡಿಸ್‌ನ ಉಳಿದ ಕಾರುಗಳ ಮುಂದೆ ಚಿಕ್ಕದು. ಹಾಗಾಗಿ ಜನ ಅದನ್ನು 'ಬೇಬಿ ಬೆಂಜ್' ಎಂದು ಕರೆದರು. ಬ್ರೂನೊ ಸಾಕ್ಕೊ ಅವರ ನೇತೃತ್ವದಲ್ಲಿ ರೂಪುಗೊಂಡ ಅದರ ಆಕಾರದಲ್ಲಿ ಒಂದು ಗೆರೆಯೂ ಹೆಚ್ಚಿರಲಿಲ್ಲ. ಹೊರಗೆ ಕಾಣದ ಇನ್ನೊಂದು ವಿಶೇಷ ಹಿಂಚಕ್ರಗಳಲ್ಲಿತ್ತು. ಪ್ರತಿ ಹಿಂಚಕ್ರವನ್ನೂ ಐದು ಬೇರೆ ಬೇರೆ ತೋಳುಗಳು ಹಿಡಿದಿದ್ದವು. ರಸ್ತೆ ಹಳ್ಳ ದಿಣ್ಣೆಯಾಗಿರಲಿ, ತಿರುವಾಗಿರಲಿ, ಚಕ್ರ ನೆಲವನ್ನು ಸರಿಯಾದ ಕೋನದಲ್ಲಿಯೇ ಮುಟ್ಟುವಂತೆ ಈ ತೋಳುಗಳು ನೋಡಿಕೊಳ್ಳುತ್ತವೆ. ಮರ್ಸಿಡಿಸ್‌ನ ಮುಂದಿನ ಕಾರುಗಳೂ ಇದೇ ಪಾಠವನ್ನು ಮುಂದುವರಿಸಿದವು.

ಇಂಥ ಸಾಧು ಕಾರಿಗೆ ಇಂಗ್ಲೆಂಡಿನ ಕಾಸ್‌ವರ್ತ್ ಕಂಪನಿ ಹದಿನಾರು ವಾಲ್ವುಗಳ ಸಿಲಿಂಡರ್ ಹೆಡ್ ಮಾಡಿಕೊಟ್ಟಿತು. ಹಾಗೆ ತಯಾರಾದದ್ದು 190 ಇ 2.3-16. ಎಂಜಿನ್ನು 2.3 ಲೀಟರ್, ಶಕ್ತಿ 185 ಅಶ್ವಶಕ್ತಿ. 1983ರ ಆಗಸ್ಟಿನಲ್ಲಿ ಇಟಲಿಯ ನಾರ್ಡೊ ಎಂಬಲ್ಲಿನ ದುಂಡನೆಯ ಪರೀಕ್ಷಾ ರಸ್ತೆಯ ಮೇಲೆ ಇದನ್ನು ಹಗಲೂ ರಾತ್ರಿ ಓಡಿಸಲಾಯಿತು. 50,000 ಕಿಲೋಮೀಟರ್ ದೂರವನ್ನು ಕಾರು ಕ್ರಮಿಸಿದ್ದು ಸುಮಾರು 201 ಗಂಟೆ 40 ನಿಮಿಷಗಳಲ್ಲಿ. ಗಡಿಯಾರ ಎಂಟು ದಿನವೂ ಓಡುತ್ತಲೇ ಇತ್ತು. ಪೆಟ್ರೋಲು ತುಂಬಿಸಲು, ಚಾಲಕರನ್ನು ಬದಲಿಸಲು ನಿಂತ ವೇಳೆಯೂ ಆ ಲೆಕ್ಕದಲ್ಲಿ ಸೇರಿದೆ. ಸರಾಸರಿ ವೇಗ ಎಷ್ಟಾಯಿತೆಂದು ವಿದ್ಯಾರ್ಥಿಗಳು ಭಾಗಾಕಾರ ಮಾಡಿ ನೋಡಬಹುದು: ಗಂಟೆಗೆ ಸುಮಾರು 248 ಕಿಲೋಮೀಟರ್.

ಮರುವರ್ಷ, 1984ರ ಮೇ 12ರಂದು, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹೊಸ ಪಂದ್ಯದ ಟ್ರ್ಯಾಕ್ ಉದ್ಘಾಟನೆಯಾಯಿತು. ಸಮಾರಂಭಕ್ಕೆ ಹೆಸರಾಂತ ಚಾಲಕರನ್ನು ಕರೆಸಿ ಎಲ್ಲರ ಕೈಗೂ ಇದೇ ಕಾರನ್ನು ಕೊಡಲಾಯಿತು. ನಿಕಿ ಲೌಡಾ, ಅಲೆನ್ ಪ್ರಾಸ್ಟ್, ಜ್ಯಾಕ್ ಬ್ರಾಭಮ್, ಸ್ಟರ್ಲಿಂಗ್ ಮಾಸ್ ಮುಂತಾದ ಘಟಾನುಘಟಿಗಳ ನಡುವೆ ಫಾರ್ಮುಲಾ ಒನ್‌ಗೆ ಆಗಷ್ಟೇ ಕಾಲಿಟ್ಟಿದ್ದ ಬ್ರೆಜಿಲ್‌ನ 24 ವರ್ಷದ ಹುಡುಗನೊಬ್ಬನಿದ್ದ. ಗೆದ್ದವನು ಅವನೇ. ಹೆಸರು ಆಯರ್ಟನ್ ಸೆನ್ನಾ. ಲೌಡಾ ಎರಡನೆಯವರಾದರು. ಕಾರುಗಳೆಲ್ಲ ಒಂದೇ ಆದಾಗ ಗೆಲ್ಲುವುದು ಕೈಚಳಕ ಎಂದು ಅಂದು ಸಾಬೀತಾಯಿತು.

ಈ ಕೀರ್ತಿಯ ಫಲವಾಗಿ ಹದಿನಾರು ವಾಲ್ವಿನ ಕಾರುಗಳ ಬೆಲೆ ಈಗ ವಿದ್ಯಾರ್ಥಿಗಳ ಕೈಗೆಟುಕದಷ್ಟು ಏರಿದೆ. ಪಂದ್ಯಕ್ಕೆಂದೇ 1990ರಲ್ಲಿ ಬಂದ, ಹಿಂದೆ ದೊಡ್ಡ ರೆಕ್ಕೆ ಹೊತ್ತ 'ಎವಲ್ಯೂಷನ್ 2' ಮಾದರಿಯ 502 ಕಾರುಗಳಂತೂ ಸಂಗ್ರಹಕಾರರ ಉಗ್ರಾಣ ಸೇರಿವೆ. ಆದರೆ ಅದೇ ಮೈ, ಅದೇ ಐದು ತೋಳಿನ ಹಿಂಚಕ್ರಗಳಿರುವ ಸಾಮಾನ್ಯ 190ಗಳಿಗೆ ಬರವಿಲ್ಲ. 1993ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಎಲ್ಲ ಬಗೆಯವೂ ಸೇರಿ 18 ಲಕ್ಷಕ್ಕೂ ಹೆಚ್ಚು ಕಾರುಗಳು ಸಿಂಡೆಲ್‌ಫಿಂಗೆನ್ ಮತ್ತು ಬ್ರೆಮೆನ್ ಕಾರ್ಖಾನೆಗಳಿಂದ ಹೊರಬಂದಿದ್ದವು. ಅವುಗಳಲ್ಲಿ 1986ರಲ್ಲಿ ಬಂದ ಆರು ಸಿಲಿಂಡರಿನ 190 ಇ 2.6 ಎಂಬುದು, ಸದ್ದಿಲ್ಲದೆ ಗಂಟೆಗೆ 200 ಕಿಲೋಮೀಟರ್ ದಾಟಬಲ್ಲ ಗಟ್ಟಿಗ. ಪಂದ್ಯದ ಹೆಸರಿಲ್ಲದ ಕಾರಣ ಅದರ ಬೆಲೆ ಇನ್ನೂ ನೆಲದ ಮೇಲಿದೆ. ಪ್ರಶ್ನೆ ಏಳುವುದು ಇಲ್ಲಿಯೇ: ಇಷ್ಟು ಒಳ್ಳೆಯ ಕಾರು ಇಷ್ಟು ಅಗ್ಗವೇಕೆ?

ಉತ್ತರ ಸರಳ. ವರ್ಷ ಕಳೆದಂತೆ ಇಳಿಯುವುದು ಕಾರಿನ ಬೆಲೆ ಮಾತ್ರ. ಅದರ ಖರ್ಚು ಇಳಿಯುವುದಿಲ್ಲ. ಮೂವತ್ತೈದು ವರ್ಷದ ಮರ್ಸಿಡಿಸ್‌ಗೆ ಬೇಕಾದ ಬ್ರೇಕು ಮರ್ಸಿಡಿಸ್‌ನ ಬ್ರೇಕೇ. ಬಾನೆಟ್ ಎತ್ತುವ ಮೆಕ್ಯಾನಿಕ್ ಕೇಳುವುದು ಜರ್ಮನಿಯ ಇಂದಿನ ಕೂಲಿಯನ್ನೇ. ಮಾಲೀಕರು ಒಬ್ಬರಿಂದ ಒಬ್ಬರಿಗೆ ಬದಲಾದಂತೆ ಕಾರಿನ ಬೆಲೆ ತಗ್ಗುತ್ತದೆ, ಅದರ ಜೊತೆಗೆ ಹೊಸ ಮಾಲೀಕನ ಜೇಬೂ ತೆಳ್ಳಗಾಗುತ್ತದೆ. ಕಡೆಗೆ ಕೊಂಡವನು 'ಮುಂದಿನ ವರ್ಷ ಮಾಡಿಸಿದರಾಯಿತು' ಎಂದು ರಿಪೇರಿಗಳನ್ನು ಮುಂದೂಡುತ್ತಾನೆ. ಹೀಗೆ ಮುಂದೂಡಿದ ರಿಪೇರಿಗಳೆಲ್ಲ ಸೇರಿ ಕಾರಿನ ಹೊಟ್ಟೆಯೊಳಗೆ ಕೈಸಾಲದಂತೆ ಬೆಳೆಯುತ್ತವೆ. ತೀರ ಅಗ್ಗಕ್ಕೆ ಸಿಗುವ ಕಾರನ್ನು ಕೊಳ್ಳುವುದೆಂದರೆ ಆ ಸಾಲಕ್ಕೆ ತಾನು ಸಹಿ ಹಾಕಿದಂತೆ.

ಆದ್ದರಿಂದ ಕೊಳ್ಳುವವರು ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನಂತಿರಬೇಕು. ಕೊಂಬಿನ ಬಣ್ಣಕ್ಕೆ ಮರುಳಾಗದೆ ಅವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. 190ರ ಸುಳಿ ಇರುವುದು ಅದರ ಹೊಟ್ಟೆಯಡಿ. ಜರ್ಮನಿಯಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಕಾರಿನ ಅಡಿಗೆ ಚಿಮ್ಮಿ ಸಂದುಗಳಲ್ಲಿ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನು, ಮುಂದಿನ ಮಡ್‌ಗಾರ್ಡ್, ಬ್ಯಾಟರಿಯ ಅಡಿ - ಇವು ಮೊದಲು ನೋಡಬೇಕಾದ ಸ್ಥಳಗಳು. 1988ರ ನಂತರದ ಕಾರುಗಳಿಗೆ ಬದಿಯಲ್ಲಿ ಪ್ಲಾಸ್ಟಿಕ್ ಹಲಗೆಗಳಿವೆ. ನೋಡಲು ಚೆಂದವೇ, ಆದರೆ ತುಕ್ಕು ಅದರ ಮರೆಯಲ್ಲಿಯೇ ಬೆಳೆದಿರುತ್ತದೆ. ಟಿಂಕರಿಂಗ್ ಮಾಡಿ ಮೇಲೆ ಹೊಸ ಬಣ್ಣ ಹೊಡೆದಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಎಂಜಿನ್ನಿನ ಭಾಗಗಳನ್ನು ಬದಲಿಸಬಹುದು. ಕೊಳೆತ ಮೈಯನ್ನು ಕತ್ತರಿಸಿ ಬೆಸೆಯುವುದಕ್ಕೆ ಕಾರಿನ ಬೆಲೆಯನ್ನು ಮೀರಿ ಹಣ ಬೇಕಾದೀತು.

ಎರಡನೆಯದು ಎಂಜಿನ್. ಅದನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ. ವಾಲ್ವುಗಳ ರಬ್ಬರ್ ಸೀಲು ಗಟ್ಟಿಯಾಗಿರಬಹುದು. 2.6 ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್‌ನಿಂದ ಆಯಿಲ್ ಒಸರುವುದು ಹಳೆಯ ಕಾಯಿಲೆ. ಟೈಮಿಂಗ್ ಚೈನು ಸಡಿಲವಾಗಿ ಸದ್ದು ಮಾಡುತ್ತಿದ್ದರೆ ಬದಲಿಸಲು ತಡಮಾಡುವಂತಿಲ್ಲ. ಪೆಟ್ರೋಲನ್ನು ಸಿಲಿಂಡರುಗಳಿಗೆ ಅಳೆದು ಹಂಚುವ ಯಂತ್ರ ಬಾಷ್ ಕಂಪನಿಯದು - ಬೆಂಗಳೂರಿನವರಿಗೆ ಆಡುಗೋಡಿಯ 'ಮೈಕೊ' ಕಾರ್ಖಾನೆಯ ಮೂಲಕ ಪರಿಚಿತವಾದ ಅದೇ ಬಾಷ್. ಅರ್ಧ ಯಾಂತ್ರಿಕ, ಅರ್ಧ ಇಲೆಕ್ಟ್ರಾನಿಕ್ ಆದ ಈ ವ್ಯವಸ್ಥೆ ಸರಿಯಿದ್ದಾಗ ಗಡಿಯಾರದಂತೆ ನಡೆಯುತ್ತದೆ. ಕೆಟ್ಟರೆ ಅದರ ಮರ್ಮ ತಿಳಿದ ಮೆಕ್ಯಾನಿಕ್ ಬೇಕು, ಅಂಥವರ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಇನ್ನು, ಹೆಮ್ಮೆಯ ಐದು ತೋಳುಗಳಿಗೆ ಎರಡು ಕಡೆ ಸೇರಿದರೆ ಹತ್ತು ತೋಳುಗಳಾದವು, ಅವಕ್ಕೆಲ್ಲ ರಬ್ಬರ್ ಬುಷ್ಷುಗಳು. ಅವು ಸವೆದರೆ ಕಾರಿನ ಹಿಂಭಾಗ ತಿರುವಿನಲ್ಲಿ ಓಲಾಡುತ್ತದೆ. ಜಾಣತನದ ವಿನ್ಯಾಸಕ್ಕೆ ಜಾಣತನದ ಬಿಲ್ಲೂ ಬರುತ್ತದೆ.

ಮೂರನೆಯದು ಕಾಗದಪತ್ರ. ಮೀಟರು ತೋರಿಸುವ ಕಿಲೋಮೀಟರನ್ನು ನಂಬಿ ಯಾರೂ ಹಳೆಯ ಕಾರು ಕೊಳ್ಳಬಾರದು. ಈ ಕಾರುಗಳಲ್ಲಿ ಮೀಟರಿನ ಹಲ್ಲುಚಕ್ರ ಮುರಿದು ಎಣಿಕೆ ನಿಂತುಹೋಗುವುದೂ ಉಂಟು. ಪ್ರತಿ ಸರ್ವಿಸಿಗೂ ಗ್ಯಾರೇಜಿನವರು ಮೊಹರು ಒತ್ತಿದ ಪುಸ್ತಕ, ಹಿಂದಿನ ತಪಾಸಣೆಗಳ ವರದಿ, ರಿಪೇರಿಯ ರಸೀತಿ - ಇವೇ ಕಾರಿನ ಜಾತಕ. ಜರ್ಮನಿಯಲ್ಲಿ ವ್ಯಾಪಾರಿಯಿಂದ ಕೊಂಡ ಹಳೆಯ ಕಾರಿಗೆ ಕನಿಷ್ಠ ಒಂದು ವರ್ಷದ ಹೊಣೆ ಕಾನೂನಿನಿಂದಲೇ ಸಿಗುತ್ತದೆ. ಖಾಸಗಿಯವರು ಮಾರುವಾಗ ಕರಾರಿನಲ್ಲಿ ಆ ಹೊಣೆಯನ್ನು ತೆಗೆದುಹಾಕಬಹುದು. ಸಹಿ ಮಾಡುವ ಮುನ್ನ ಆ ಒಂದು ಸಾಲನ್ನು ಓದದವರು ಆಮೇಲೆ ದೂರುವುದರಲ್ಲಿ ಅರ್ಥವಿಲ್ಲ.

ಇಷ್ಟನ್ನೂ ಅಳೆಯಲು ಜರ್ಮನರು ಹಳೆಯ ಕಾರುಗಳಿಗೆ ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು: ಅಲ್ಲಿಯ ಶಾಲೆಗಳಂತೆ ಇಲ್ಲಿಯೂ ಒಂದು ಅಂಕ ಬಂದವನೇ ಜಾಣ. 1 ಎಂದರೆ ಕಳಂಕವಿಲ್ಲದ್ದು. 2 ಎಂದರೆ ಒಳ್ಳೆಯದು. 3 ಎಂದರೆ ಬಳಸಿದ ಗುರುತಿದ್ದರೂ ಗಟ್ಟಿಮುಟ್ಟಾದದ್ದು. 4 ಎಂದರೆ ಸವೆದು ಸೋತದ್ದು. 5 ಎಂದರೆ ಮೊದಲಿನಿಂದ ಕಟ್ಟಬೇಕಾದದ್ದು. ಒಂದು 2.6 ಕಾರು 4ನೇ ದರ್ಜೆಯಲ್ಲಿ 3,000 ಯೂರೊಗೆ, ಅಂಥದೇ ಇನ್ನೊಂದು 2ನೇ ದರ್ಜೆಯಲ್ಲಿ 9,000 ಯೂರೊಗೆ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ 6,000 ಉಳಿಯಿತೆಂದು ಹುಡುಗ ಹಿಗ್ಗುತ್ತಾನೆ. ತುಕ್ಕು ಕತ್ತರಿಸಿ ಬೆಸೆದು, ಬಣ್ಣ ಬಳಿದು, ಗ್ಯಾಸ್ಕೆಟ್, ಬುಷ್ಷು, ಬ್ರೇಕು, ಟೈರು ಹಾಕಿಸುವಾಗ ಆ 6,000 ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಅಷ್ಟಾದರೂ ಕೈಯಲ್ಲಿರುವುದು 3ನೇ ದರ್ಜೆಯ ಕಾರು. ಹೆಚ್ಚು ಬೆಲೆಯ ಕಾರೇ ಕಡಿಮೆ ಖರ್ಚಿನದು ಎಂಬ ತಲೆಕೆಳಗಾದ ಗಣಿತ ಇದು.

ಮುಂದೂಡಿದ ರಿಪೇರಿಯನ್ನು ಶಾಶ್ವತವಾಗಿ ಮುಂದೂಡಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪ್ರತಿ ಕಾರೂ ತಪಾಸಣೆಗೆ ಹಾಜರಾಗಬೇಕು. ಇಲ್ಲಿ ಜನ 'ಎಫ್‌ಸಿ ಮಾಡಿಸುವುದು' ಎನ್ನುವಂತೆ ಅಲ್ಲಿಯವರ ಬಾಯಲ್ಲಿ ಅದು 'ಟ್ಯೂಫ್'. ಈ ಹೆಸರಿನ ಬೇರು ಕಾರಿಗಿಂತ ಹಳೆಯದು. 1865ರಲ್ಲಿ ಮಾನ್‌ಹೈಮ್ ನಗರದ ಬಿಯರ್ ಕಾರ್ಖಾನೆಯೊಂದರಲ್ಲಿ ಉಗಿ ಬಾಯ್ಲರ್ ಸಿಡಿಯಿತು. ಮರುವರ್ಷ ಬಾಯ್ಲರ್ ಮಾಲೀಕರು ಸೇರಿ ತಮ್ಮ ಯಂತ್ರಗಳನ್ನು ತಾವೇ ತಪಾಸಣೆ ಮಾಡಿಸುವ ಸಂಘ ಕಟ್ಟಿಕೊಂಡರು. ಇಂಥ ಸಂಘಗಳಿಂದಲೇ ಟ್ಯೂಫ್ ಬೆಳೆಯಿತು. ಮೋಟಾರು ವಾಹನಗಳು ಬಂದಾಗ ಅವುಗಳ ಪರೀಕ್ಷೆಯೂ ಅದರ ಪಾಲಿಗೆ ಬಂತು. ಕಾರನ್ನು ಮೇಲಕ್ಕೆತ್ತಿ ಅಡಿಯಿಂದ ಬೆಳಕು ಹಾಯಿಸಿ ನೋಡುವ ಪರೀಕ್ಷಕರು ಗಂಭೀರ ದೋಷ ಕಂಡರೆ ಮುದ್ರೆ ಕೊಡುವುದಿಲ್ಲ. ಒಂದು ತಿಂಗಳೊಳಗೆ ಸರಿಪಡಿಸಿ ಮತ್ತೆ ತೋರಿಸಬೇಕು. ನಂಬರ್ ಪ್ಲೇಟಿನ ಮೇಲೆ ಅಂಟಿಸುವ ದುಂಡನೆಯ ಚೀಟಿಯ ಬಣ್ಣ ನೋಡಿಯೇ ಮುಂದಿನ ಪರೀಕ್ಷೆ ಯಾವ ವರ್ಷ ಎಂದು ಪೊಲೀಸರು ದೂರದಿಂದ ಹೇಳಬಲ್ಲರು. ಚೀಟಿಯ ಅವಧಿ ಮುಗಿಯುತ್ತ ಬಂದ ಕಾರು ಸೋವಿಗೆ ಸಿಕ್ಕರೆ, ಮಾರುವವನು ಪರೀಕ್ಷೆಗೆ ಹೆದರಿದ್ದಾನೆ ಎಂದೇ ತಿಳಿಯಬೇಕು.

ಹಳೆಯ ಕಾರನ್ನು ಚೆನ್ನಾಗಿಟ್ಟವರಿಗೆ ಅದೇ ಕಾನೂನು ಬಹುಮಾನವನ್ನೂ ಕೊಡುತ್ತದೆ. ಮೂವತ್ತು ವರ್ಷ ತುಂಬಿದ, ಮೂಲ ರೂಪದಲ್ಲಿಯೇ ಇರುವ, ಒಳ್ಳೆಯ ಸ್ಥಿತಿಯ ಕಾರಿಗೆ ನಂಬರಿನ ಕೊನೆಯಲ್ಲಿ 'ಎಚ್' ಅಕ್ಷರ ಸಿಗುತ್ತದೆ. 1997ರಲ್ಲಿ ಬಂದ ಈ ಪದ್ಧತಿಯ ಪ್ರಕಾರ ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾರಿನ ವಾರ್ಷಿಕ ತೆರಿಗೆ 191 ಯೂರೊ ಚಿಲ್ಲರೆ. ಎಚ್ ಇಲ್ಲದಿದ್ದರೆ, ಯೂರೊ-1 ಮಟ್ಟದ ಪೆಟ್ರೋಲು ಕಾರಿಗೆ ಪ್ರತಿ 100 ಸಿ.ಸಿ.ಗೆ 15.13 ಯೂರೊ. 2.6 ಲೀಟರಿಗೆ ಗುಣಿಸಿದರೆ 393 ಯೂರೊ ಚಿಲ್ಲರೆ, ಎಂದರೆ ಎರಡರಷ್ಟಕ್ಕೂ ಹೆಚ್ಚು. ಹೊಗೆಯ ಕಾರಣಕ್ಕೆ ಹಳೆಯ ವಾಹನಗಳಿಗೆ ನಿರ್ಬಂಧವಿರುವ ನಗರದ ವಲಯಗಳಿಗೂ ಎಚ್ ಕಾರು ಹೋಗಬಹುದು. ಕೊನೆಯ 190 ಹೊರಬಂದದ್ದು 1993ರಲ್ಲಾದ್ದರಿಂದ ಈಗ ವಯಸ್ಸಿನ ಅರ್ಹತೆ ಎಲ್ಲ 190ಗಳಿಗೂ ಇದೆ. ವಯಸ್ಸೊಂದೇ ಸಾಲದು, ನಡತೆಯೂ ಬೇಕು. ತುಕ್ಕು ಹಿಡಿದ, ಕಂಡಕಂಡ ಭಾಗ ಬದಲಿಸಿದ ಕಾರಿಗೆ ಪರೀಕ್ಷಕರು ಆ ಅಕ್ಷರ ಕೊಡುವುದಿಲ್ಲ.

ಈಗ ವಿದ್ಯಾರ್ಥಿಯ ಜೇಬಿನ ಲೆಕ್ಕಕ್ಕೆ ಬರೋಣ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ವರ್ಷದ ಜೀವನಕ್ಕೆಂದು ಬ್ಯಾಂಕಿನಲ್ಲಿ ಕಾದಿಡಬೇಕಾದ ಹಣ 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕದಂತೆ 11,904 ಯೂರೊ. ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಅದರಲ್ಲಿ ಮುಗಿಯಬೇಕು. ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದ ಜೊತೆಗೇ ಬಸ್ಸು ರೈಲಿನ ಪಾಸು ಸಿಗುವುದರಿಂದ ಕಾರು ಅನಿವಾರ್ಯವೂ ಅಲ್ಲ. ಭಾರತದ ಡ್ರೈವಿಂಗ್ ಲೈಸೆನ್ಸು ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿಯ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಕಾರಿನ ವಿಮೆಯಲ್ಲಿ ಅಪಘಾತವಿಲ್ಲದೆ ಕಳೆದ ವರ್ಷಗಳನ್ನು ಎಣಿಸಿ ರಿಯಾಯಿತಿ ಕೊಡುತ್ತಾರೆ. ಹೊಸಬನದು ಸೊನ್ನೆ ವರ್ಷ, ಹಾಗಾಗಿ ಕಂತು ದುಬಾರಿ. ಹಳೆಯ ಕಾರುಗಳಿಗೆಂದೇ ಇರುವ ಅಗ್ಗದ ವಿಮೆ ಬೇಕೆಂದರೆ ಸಾಮಾನ್ಯವಾಗಿ ವಯಸ್ಸು, ಅನುಭವ, ದಿನಬಳಕೆಗೆ ಇನ್ನೊಂದು ಕಾರು ಇತ್ಯಾದಿ ಷರತ್ತುಗಳಿರುತ್ತವೆ. ಮೂರು ಕಾಸಿನ ಕುದುರೆಯ ಹುಲ್ಲಿನ ಲೆಕ್ಕ ಹೀಗೆ ಬೆಳೆಯುತ್ತದೆ.

ಹಣಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 190ರ ಕಾಲದಲ್ಲಿ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಇರಲಿಲ್ಲ. ಜಾರುವ ಕಾರನ್ನು ತಾನಾಗಿಯೇ ಹಿಡಿದು ನಿಲ್ಲಿಸುವ ಇ.ಎಸ್.ಪಿ. ಎಂಬ ಇಲೆಕ್ಟ್ರಾನಿಕ್ ವ್ಯವಸ್ಥೆ ಮರ್ಸಿಡಿಸ್ ಕಾರುಗಳಿಗೆ ಬಂದದ್ದೇ 1995ರಲ್ಲಿ. ಎಂಜಿನ್ನಿನ ಬಲವೆಲ್ಲ ಹಿಂಚಕ್ರಗಳಿಗೆ ಹೋಗುವ ಈ ಕಾರಿನಲ್ಲಿ ಮಳೆಯ ದಿನ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ಅಂದು ಸೆನ್ನಾಗೆ ಅದನ್ನು ಹಿಡಿಯುವ ಕೈ ಇತ್ತು. ಅದೂ ನಡೆದದ್ದು ಎದುರಿನಿಂದ ಯಾರೂ ಬರದ ಪಂದ್ಯದ ಟ್ರ್ಯಾಕಿನಲ್ಲಿ. ಊರ ರಸ್ತೆಯಲ್ಲಿ ಹಳೆಯ ಕಾರಿನ ವೇಗವನ್ನು ಹಳೆಯ ಕಾರಿನ ಬ್ರೇಕಿಗೆ ತಕ್ಕಂತೆ ಇಡುವುದೇ ಜಾಣತನ. ಟೈರಿನ ಗೆರೆ ಆಳವಾಗಿದ್ದರೆ ಸಾಲದು, ಅದರ ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಹಳೆಯ ಕಾರಿನ ಸಹವಾಸವೇ ಬೇಡ ಎನ್ನಬೇಕೆ? ಹಾಗೇನಿಲ್ಲ. ಓದು ಮುಗಿದು ಕೆಲಸ ಸಿಕ್ಕಿ, ಕಾರಿಲ್ಲದೆಯೂ ದಿನ ಸಾಗುವಂತಿರುವ ಯುವಕ ಯುವತಿಯರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಉಪ್ಪು ಚೆಲ್ಲುವ ತಿಂಗಳುಗಳಲ್ಲಿ ಕಾರನ್ನು ಸೂರಿನಡಿ ನಿಲ್ಲಿಸಿ, ಬೇಸಗೆಯಲ್ಲಿ ಮಾತ್ರ ಓಡಿಸುವವರು ಜರ್ಮನಿಯಲ್ಲಿ ಬಹಳ ಮಂದಿ. ವರ್ಷದ ಕೆಲವೇ ತಿಂಗಳಿಗೆ ಅನ್ವಯಿಸುವ ನಂಬರ್ ಪ್ಲೇಟನ್ನೂ ಅಲ್ಲಿ ಕೊಡುತ್ತಾರೆ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳದ ಬದಲು ಎಂಜಿನ್ನೇ ಕಾಣುತ್ತದೆ. ಆಯಿಲ್ ಬದಲಿಸುವುದು, ಪ್ಲಗ್ ಬಿಚ್ಚಿ ಅದರ ಬಣ್ಣದಿಂದ ಎಂಜಿನ್ನಿನ ಆರೋಗ್ಯ ಓದುವುದು, ಸದ್ದಿನಿಂದ ಕಾಯಿಲೆ ಗುರುತಿಸುವುದು - ಪಠ್ಯಪುಸ್ತಕದಲ್ಲಿ ಚಿತ್ರವಾಗಿದ್ದದ್ದು ಕೈಗೆ ಮಸಿಯಾಗಿ ಅಂಟುತ್ತದೆ. ಅನೇಕ ಬಿಡಿಭಾಗಗಳು ಕಂಪನಿಯ ಮೂಲಕ ಇನ್ನೂ ದೊರೆಯುತ್ತವೆ. ಹಳೆಯ ಮಾಲೀಕರ ಕ್ಲಬ್ಬುಗಳಲ್ಲಿ ಕಾರು ಕೊಳ್ಳುವ ಮೊದಲೇ ಹೋಗಿ ಕೂತರೆ, ಯಾವ ಕಾರನ್ನು ಬಿಡಬೇಕು ಎಂಬ ಸಲಹೆ ಒಂದು ಕಪ್ ಕಾಫಿಯ ಬೆಲೆಗೆ ಸಿಗುತ್ತದೆ. ಅಲ್ಲಿಂದ ಊರಿಗೆ ತರುವ ಆಸೆಯನ್ನು ಮಾತ್ರ ಬಿಡುವುದು ಒಳ್ಳೆಯದು. ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಆಮದಿಗೆ ಭಾರತದ ಸಾಮಾನ್ಯ ನಿಯಮ ಒಪ್ಪುವುದಿಲ್ಲ. 50 ವರ್ಷ ದಾಟಿದರೆ ಮಾತ್ರ ವಾಹನವನ್ನು ಇಲ್ಲಿ 'ವಿಂಟೇಜ್' ಎಂದು ಪರಿಗಣಿಸುತ್ತಾರೆ. ಬೇಬಿ ಬೆಂಜ್ ಇನ್ನೂ ಆ ವಯಸ್ಸು ಮುಟ್ಟಿಲ್ಲ.

ಮಗನೋ ಮಗಳೋ ಕಾರಿನ ಫೋಟೊ ಕಳಿಸಿದಾಗ ತಂದೆ ತಾಯಿ ಮೊದಲು ಕೇಳುವುದು 'ಎಷ್ಟಂತೆ?' ಎಂದು. ಅದನ್ನು ಕೊನೆಗೆ ಇಟ್ಟುಕೊಂಡು ಬೇರೆ ನಾಲ್ಕು ಪ್ರಶ್ನೆ ಕೇಳುವುದು ಮೇಲು. ಕಾರನ್ನು ಮೇಲಕ್ಕೆತ್ತಿಸಿ ಅಡಿ ನೋಡಿದ್ದಾಯಿತೆ? ಸರ್ವಿಸ್ ಪುಸ್ತಕದಲ್ಲಿ ಖಾಲಿ ಬಿಟ್ಟ ವರ್ಷಗಳೆಷ್ಟು? ವಿಮೆಯವರು ಹೇಳಿದ ಕಂತು ಎಷ್ಟು? ಕೊಂಡ ಮೇಲೆ, ಕಾರಿನ ಬೆಲೆಯಷ್ಟೇ ಹಣ ಇನ್ನೊಮ್ಮೆ ಖರ್ಚಾದರೆ ಊಟಕ್ಕೂ ಬಾಡಿಗೆಗೂ ತೊಂದರೆಯಿಲ್ಲವೆ? ನಾಲ್ಕಕ್ಕೂ ಸಮಾಧಾನದ ಉತ್ತರ ಬಂದರೆ, ಇದ್ದುದರಲ್ಲಿ ಅತ್ಯಂತ ಸಾದಾ ಮಾದರಿಯ, ಅತ್ಯಂತ ಒಳ್ಳೆಯ ಸ್ಥಿತಿಯ ಕಾರನ್ನು ಆರಿಸಿಕೊಳ್ಳಲಿ. ಉತ್ತರ ಬರಲು ತಡವಾದರೆ, ಕಾರು ಇನ್ನೆರಡು ವರ್ಷ ಕಾಯಲಿ. ಮೂವತ್ತೈದು ವರ್ಷ ಕಾದದ್ದಕ್ಕೆ ಎರಡು ವರ್ಷ ದೊಡ್ಡದಲ್ಲ.